ಸರಳ ಯಂತ್ರಗಳು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನಿಗೆ ಯಂತ್ರದ ಗೊಡವೆ ಏಕೆಂದು ತಾವು ನಗಬಹುದು. ವಿಜ್ಞಾನದ ಉಪಾಧ್ಯಾಯರು ರಜೆಯಲ್ಲಿದ್ದ ಒಂದು ದಿನ ಅವರ ತರಗತಿ ನನ್ನ ಪಾಲಿಗೆ ಬಂದಿತು. ವಿದ್ವಾನ್ ಪದವಿಯ ಹಮ್ಮಿನಿಂದ ನಾನು 'ಉತ್ತೋಲನ ದಂಡ'ವೆಂಬ ಸಮಾಸವನ್ನು ಬಿಡಿಸಿ ಹೇಳಿ, ಮಕ್ಕಳಿಂದ ಬಾಯಿಪಾಠ ಮಾಡಿಸಿದೆನು. ಅಂದು ಸಂಜೆ ಶಾಲೆಯ ಹಿಂದೆ ಕಲ್ಲುಕುಟಿಗರ ಮನೆಯ ಹುಡುಗನೊಬ್ಬನು ಹಾರೆಯ ಕೆಳಗೆ ಗುಂಡುಕಲ್ಲನ್ನಿಟ್ಟು ದೊಡ್ಡ ಚಪ್ಪಡಿಯೊಂದನ್ನು ಲೀಲೆಯಿಂದ ಎತ್ತುತ್ತಿದ್ದನು. "ಇದೇನಪ್ಪ?" ಎಂದೆನು. "ಸನ್ನೆ ಹಾಕ್ತಾ ಇದ್ದೀನಿ ಸಾರ್" ಎಂದನು. ಬೆಳಗಿನ ಪಾಠವೂ ಇದೂ ಒಂದೇ ಎಂಬುದು ಅವನಿಗೆ ಹೊಳೆದಿರಲಿಲ್ಲ. ತಪ್ಪು ಅವನದಲ್ಲ.

ಮರುದಿನ ಹಾರೆಯನ್ನೇ ತರಗತಿಗೆ ತರಿಸಿದೆನು. ನೂಕುವುದು, ಎಳೆಯುವುದು, ಇವೇ ಬಲ. ಹಾರೆಗೆ ಆಸರೆಯಾದ ಗುಂಡುಕಲ್ಲು ಆನಿಕೆ. ಎತ್ತಬೇಕಾದ ಚಪ್ಪಡಿ ಭಾರ. ಆನಿಕೆಯಿಂದ ಭಾರ 1 ಅಡಿ ದೂರ, ಕೈ 4 ಅಡಿ ದೂರವಿದ್ದರೆ, ಹಾರೆಯ ತುದಿಯ ಮೇಲೆ ಬೀಳುವ 80 ಕಿಲೋ ಭಾರವನ್ನು ಕೈ 20 ಕಿಲೋ ಭಾರದಷ್ಟು ಒತ್ತಿ ಸರಿದೂಗಿಸುತ್ತದೆ. ಈ ನಿಯಮವನ್ನು ಕ್ರಿ.ಪೂ. 3ನೆಯ ಶತಮಾನದಲ್ಲಿ ಗ್ರೀಕ್ ಪಂಡಿತ ಆರ್ಕಿಮಿಡೀಸನು ಗಣಿತದಿಂದ ಸಾಧಿಸಿ ತೋರಿಸಿದನು. ಆದರೆ ಇದು ಪುಕ್ಕಟೆಯ ಲಾಭವಲ್ಲ. ಕೈ 4 ಅಂಗುಲ ಇಳಿದರೆ ಕಲ್ಲು ಏಳುವುದು ಒಂದೇ ಅಂಗುಲ. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ತೆರಲೇಬೇಕು.

ನಮ್ಮ ಸೀಮೆಯ ಹಿರಿಯರು ಕಪಿಲೆ ಬಾವಿಯನ್ನು ಮರೆತಿರಲಾರರು. ಅದರ ರಾಟೆ ಭಾರವನ್ನೇನೂ ಕಡಮೆ ಮಾಡುತ್ತಿರಲಿಲ್ಲ. ಎಳೆತದ ದಿಕ್ಕನ್ನು ಬದಲಿಸುತ್ತಿತ್ತು, ಅಷ್ಟೇ. ಜಾಣತನವಿದ್ದುದು ಎತ್ತುಗಳು ನಡೆಯುವ ಇಳಿಜಾರಿನಲ್ಲಿ. ನೀರು ತುಂಬಿದ ಚರ್ಮದ ಚೀಲ ಮೇಲೇಳುವಾಗ ಎತ್ತುಗಳು ಕೆಳಗಿಳಿಯುತ್ತಿದ್ದವು. ಅವುಗಳ ಮೈಭಾರವೂ ಎಳೆತಕ್ಕೆ ಕೂಡುತ್ತಿತ್ತು. ಬರಿಯ ಚೀಲ ಬಾವಿಗಿಳಿಯುವಾಗ ಅವು ಇಳಿಜಾರನ್ನು ಹತ್ತಿ ಮರಳುತ್ತಿದ್ದವು. ಪಂಪುಗಳು ಬಂದ ಮೇಲೆ ಕಪಿಲೆ ಹೋಯಿತು. ಮಿಣಿ ಎಂದರೇನೆಂದು ಕೇಳಿದರೆ ಇಂದಿನ ಮಕ್ಕಳು ಮುಖ ನೋಡುತ್ತಾರೆ.

ಗಡಿಯ ಈಚೆಯ ನಮ್ಮ ಮಕ್ಕಳಿಗೆ ಮನೆಯಲ್ಲಿ ಒಂದು ನುಡಿ, ಪೇಟೆಯಲ್ಲಿ ಇನ್ನೊಂದು. 'ಕನ್ನಡದಲ್ಲಿ ವಿಜ್ಞಾನ ಕಠಿಣ' ಎಂದು ತಂದೆತಾಯಿಗಳು ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಸೇರಿಸುತ್ತಾರೆ. ಕಠಿಣವಾದದ್ದು ಕನ್ನಡವೋ, ನನ್ನಂಥವರು ಹೊರಿಸಿದ ಶಬ್ದವೋ, ದಯಮಾಡಿ ವಿಚಾರಿಸಿರಿ.

ಆ ದಿನ ಅಡಕತ್ತರಿಯ ಆನಿಕೆ ಅದರ ಕೀಲಿನಲ್ಲಿದೆಯೆಂದು ಹುಡುಗಿಯೊಬ್ಬಳು ತಾನಾಗಿಯೇ ಹೇಳಿದಳು. ಕಲ್ಲುಕುಟಿಗರ ಹುಡುಗನು ಮಾತ್ರ, "ಕೆಂಡ ತೆಗೆಯೋ ಚಿಮಟದಲ್ಲಿ ಬಲ ಉಳಿಯಲ್ವಲ್ಲ ಸಾರ್, ಮತ್ತೆ ಅದ್ಯಾಕೆ?" ಎಂದನು. ನಾನು ನಿರುತ್ತರನಾದೆನು. ವಿಜ್ಞಾನದ ಉಪಾಧ್ಯಾಯರು ಮರಳಿದ ಮೇಲೆ ಕೇಳಿ ತಿಳಿದು ಅವನಿಗೆ ಹೇಳಿದೆನು: ಅಲ್ಲಿ ಬಲ ಹೆಚ್ಚೇ ಬೇಕು, ನಿಜ, ಆದರೆ ಬೆರಳು ಸ್ವಲ್ಪ ಒತ್ತಿದರೆ ತುದಿ ಬಹಳ ಸರಿಯುತ್ತದೆ, ಕೈಯೂ ಸುಡುವುದಿಲ್ಲ.