ರಿಪೋರ್ಟ್ ನಾರ್ಮಲ್, ಆದ್ರೂ ಗರ್ಭ ನಿಲ್ತಿಲ್ಲ: ವೀರ್ಯಾಣುವಿನ ಡಿಎನ್‌ಎ ಟೆಸ್ಟ್ ಯಾರಿಗೆ ಬೇಕು?

ಮದುವೆಯಾಗಿ ಒಂದು ವರ್ಷ ಕಳೆದರೆ ಸಾಕು, ನಮ್ಮ ಕಡೆ ಒಂದು ಪ್ರಶ್ನೆ ಶುರುವಾಗುತ್ತೆ. ‘ಏನಮ್ಮಾ, ಏನಾದ್ರೂ ವಿಶೇಷ ಇದೆಯಾ?’ ಗಮನಿಸಿದ್ದೀರಾ, ಈ ಪ್ರಶ್ನೆಯನ್ನ ಯಾರೂ ಗಂಡನಿಗೆ ಕೇಳಲ್ಲ. ಸ್ಕ್ಯಾನಿಂಗ್ ಅವಳಿಗೆ, ಹಾರ್ಮೋನ್ ಟೆಸ್ಟ್ ಅವಳಿಗೆ, ಹರಕೆ ಹೊರೋದೂ ಅವಳೇ. ಆದರೆ ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಕಾರಣವೂ ಇರುತ್ತೆ. ಕೆಲವರಲ್ಲಿ ಅದೊಂದೇ ಕಾರಣ, ಕೆಲವರಲ್ಲಿ ಇಬ್ಬರದ್ದೂ ಸೇರಿರುತ್ತೆ.

ಸರಿ, ಗಂಡನೂ ವೀರ್ಯ ಪರೀಕ್ಷೆ ಮಾಡಿಸಿದ ಅಂತಿಟ್ಕೊಳ್ಳಿ. ಲ್ಯಾಬ್‌ನಲ್ಲಿ ಮುಖ್ಯವಾಗಿ ನೋಡೋದು ಮೂರು ವಿಷಯ: ವೀರ್ಯಾಣುಗಳು ಎಷ್ಟಿವೆ, ಎಷ್ಟು ಚಲಿಸ್ತಿವೆ, ಆಕಾರ ಹೇಗಿದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಪ್ರಕಾರ ಕೆಳಗಿನ ಗಡಿ ಹೀಗಿದೆ: ಒಂದು ಎಂಎಲ್‌ಗೆ 1.6 ಕೋಟಿ ವೀರ್ಯಾಣು, ಶೇ 42 ಚಲನೆ, ಶೇ 4 ಸರಿಯಾದ ಆಕಾರ. ಇವು ಪಾಸ್ ಮಾರ್ಕ್ ಅಲ್ಲ. ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರನ್ನು ಅಳೆದಾಗ, ಅವರಲ್ಲಿ ಶೇ 95ರಷ್ಟು ಜನ ಈ ಗಡಿಗಿಂತ ಮೇಲಿದ್ದರು, ಅಷ್ಟೇ.

ಇನ್ನು ಕೆಲವು ಮನೆಗಳಲ್ಲಿ ಈ ಮೂರೂ ಸರಿ ಇರುತ್ತೆ. ‘ನಂದು ನಾರ್ಮಲ್’ ಅಂತ ಗಂಡ ಫೈಲ್ ಮುಚ್ಚಿಡ್ತಾನೆ. ಆದರೆ ಎರಡನೇ ಸಲ, ಮೂರನೇ ಸಲ ಗರ್ಭಪಾತ ಆಗುತ್ತೆ, ತಪ್ಪು ಮತ್ತೆ ಅವಳ ತಲೆಗೇ ಬರುತ್ತೆ. ಇವತ್ತಿನ ವಿಷಯ ಇಲ್ಲಿಂದ ಶುರು.

ವೀರ್ಯಾಣುವಿನ ತಲೆಯೊಳಗೆ ತಂದೆಯ ಡಿಎನ್‌ಎ ಇರುತ್ತೆ. ಬೇರೆ ಜೀವಕೋಶಗಳಿಗಿಂತ ತುಂಬಾ ಬಿಗಿಯಾಗಿ, ಪ್ರೋಟಮೀನ್ ಅನ್ನೋ ಪ್ರೋಟೀನ್ ಜೊತೆ ಸುತ್ತಿರುತ್ತೆ. ಒಂದು ದಾರದ ಉಂಡೆ ನೆನಪಿಸಿಕೊಳ್ಳಿ. ಹೊರಗಿಂದ ಉಂಡೆ ಗುಂಡಗೆ ಚೆನ್ನಾಗೇ ಕಾಣುತ್ತೆ, ಒಳಗೆ ದಾರ ಅಲ್ಲಲ್ಲಿ ತುಂಡಾಗಿರಬಹುದು. ಇದಕ್ಕೆ ಡಿಎನ್‌ಎ ಫ್ರಾಗ್ಮೆಂಟೇಷನ್ ಅಂತಾರೆ. ಪಕ್ವವಾದ ವೀರ್ಯಾಣುವಿಗೆ ಈ ತುಂಡುಗಳನ್ನ ತಾನೇ ಜೋಡಿಸಿಕೊಳ್ಳೋ ಶಕ್ತಿ ಇರಲ್ಲ. ಫಲಿತವಾದ ಮೇಲೆ ಅಂಡಾಣು ಒಂದಷ್ಟು ರಿಪೇರಿ ಮಾಡುತ್ತೆ. ಹೆಣ್ಣಿನ ವಯಸ್ಸು ಹೆಚ್ಚಾದಂತೆ ಆ ಶಕ್ತಿಯೂ ಕಡಿಮೆಯಾಗುತ್ತೆ. ಹಾನಿ ಜಾಸ್ತಿ ಇದ್ದರೆ ಭ್ರೂಣದ ಬೆಳವಣಿಗೆಗೆ ತೊಂದರೆ, ಗರ್ಭಪಾತದ ಸಾಧ್ಯತೆ ಹೆಚ್ಚು.

ಈ ಹಾನಿ ಅಳೆಯೋಕೆ ಎಸ್‌ಸಿಎಸ್‌ಎ, ಟ್ಯೂನೆಲ್, ಕಾಮೆಟ್, ಹೇಲೋ ಅಂತ ಬೇರೆಬೇರೆ ವಿಧಾನಗಳಿವೆ. ನೂರರಲ್ಲಿ ಎಷ್ಟು ವೀರ್ಯಾಣುಗಳ ಡಿಎನ್‌ಎ ತುಂಡಾಗಿದೆ ಅನ್ನೋದನ್ನ ಡಿಎಫ್‌ಐ ಅಂತ ರಿಪೋರ್ಟ್‌ನಲ್ಲಿ ಬರೀತಾರೆ. ಎಸ್‌ಸಿಎಸ್‌ಎ ವಿಧಾನದಲ್ಲಿ ಶೇ 30 ದಾಟಿದರೆ ಸಾಮಾನ್ಯವಾಗಿ ಹೆಚ್ಚು ಅಂತ ಲೆಕ್ಕ. ಆದರೆ ಒಂದು ವಿಧಾನದ ಸಂಖ್ಯೆಯನ್ನ ಇನ್ನೊಂದರ ಜೊತೆ ಹೋಲಿಸಬಾರದು.

ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಇದು ಆನುವಂಶಿಕ ಕಾಯಿಲೆ ಪತ್ತೆ ಮಾಡೋ ಟೆಸ್ಟ್ ಅಲ್ಲ. ಮಗುವಿಗೆ ಥಲಸ್ಸೀಮಿಯಾ ಬರುತ್ತಾ ಅಂತ ಇದು ಹೇಳಲ್ಲ. ಕ್ರೋಮೋಸೋಮ್ ನೋಡೋ ಕ್ಯಾರಿಯೋಟೈಪ್ ಬೇರೆ, ಅದು ರಕ್ತಪರೀಕ್ಷೆ. ಇನ್ನೊಂದು ವಿಷಯ, ಪರೀಕ್ಷೆಗೆ ಬಳಸಿದ ವೀರ್ಯಾಣುವನ್ನ ಐವಿಎಫ್‌ಗೆ ಬಳಸೋಕಾಗಲ್ಲ. ಹಾಗಾಗಿ ಫಲಿತಾಂಶ ಇಡೀ ಸ್ಯಾಂಪಲ್‌ನ ಸರಾಸರಿ ಚಿತ್ರ ಕೊಡುತ್ತೆ, ಆಯ್ಕೆಯಾದ ಆ ಒಂದು ವೀರ್ಯಾಣುವಿನ ಜಾತಕ ಅಲ್ಲ.

ಹಾಗಾದ್ರೆ ಎಲ್ಲರೂ ಮಾಡಿಸಬೇಕಾ? ಬೇಡ. ಅಮೆರಿಕದ ತಜ್ಞ ಸಂಘಗಳಾದ ಎಯುಎ ಮತ್ತು ಎಎಸ್‌ಆರ್‌ಎಂ 2020ರ ಮಾರ್ಗಸೂಚಿಯಲ್ಲಿ, ಮೊದಲ ಹಂತದ ತಪಾಸಣೆಗೆ ಇದು ಬೇಕಿಲ್ಲ ಅಂತ ಹೇಳಿವೆ. ಪದೇ ಪದೇ ಗರ್ಭಪಾತವಾಗ್ತಿರೋ ದಂಪತಿಗಳಲ್ಲಿ ಗಂಡನಿಗೆ ಕ್ಯಾರಿಯೋಟೈಪ್ ಜೊತೆ ಈ ಟೆಸ್ಟನ್ನೂ ಮಾಡಬೇಕು ಅಂದಿವೆ. ಯುರೋಪಿನ ಮೂತ್ರರೋಗ ತಜ್ಞರ ಸಂಘ, ಕಾರಣವೇ ಗೊತ್ತಾಗದ ಬಂಜೆತನದಲ್ಲೂ ಮಾಡಿ ಅನ್ನುತ್ತೆ. ಮದುವೆಯಾಗಿ ಆರು ತಿಂಗಳಾದವರಿಗೆ ಪ್ಯಾಕೇಜ್‌ನಲ್ಲಿ ಸೇರಿಸಿ ಕೊಟ್ಟರೆ, ‘ಡಾಕ್ಟ್ರೇ, ಈ ಫಲಿತಾಂಶದಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತೆ?’ ಅಂತ ಕೇಳಿ.

ಡಿಎಫ್‌ಐ ಹೆಚ್ಚಿದ್ದರೆ ದಾರಿ ಇದೆ. ವೀರ್ಯಾಣು ತಯಾರಾಗೋಕೆ ಸುಮಾರು ಎರಡೂವರೆಯಿಂದ ಮೂರು ತಿಂಗಳು ಬೇಕು. ಅಂದ್ರೆ ಇವತ್ತು ಸಿಗರೇಟ್ ಬಿಟ್ಟರೆ ಪರಿಣಾಮ ಕಾಣೋದು ಮೂರು ತಿಂಗಳ ಮೇಲೆ. ಧೂಮಪಾನ, ಸ್ಥೂಲಕಾಯ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಸೋಂಕು, ಅತಿಯಾದ ಬಿಸಿ, ಇವೆಲ್ಲ ಈ ಹಾನಿಗೆ ಕಾರಣ ಆಗಬಹುದು. ವೃಷಣದ ರಕ್ತನಾಳ ಉಬ್ಬೋ ವೇರಿಕೋಸೀಲ್ ಇದ್ದರೆ ಆಪರೇಷನ್‌ನಿಂದ ಡಿಎಫ್‌ಐ ಇಳಿಯೋದುಂಟು. ತುಂಬಾ ದಿನ ವೀರ್ಯಸ್ಖಲನ ಆಗದೆ ಇದ್ದರೂ ಹಾನಿ ಹೆಚ್ಚುತ್ತೆ. ಆದ್ದರಿಂದ ಟೆಸ್ಟ್‌ಗೆ ಮೊದಲು ಎಷ್ಟು ದಿನ ಅಂತರ ಇತ್ತು ಅಂತ ಲ್ಯಾಬ್‌ಗೆ ಸರಿಯಾಗಿ ಹೇಳಿ. ಜಿಮ್ ಹುಡುಗರಿಗೆ ಒಂದು ಮಾತು: ಹೊರಗಿಂದ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತಗೊಂಡರೆ ವೀರ್ಯಾಣು ಉತ್ಪಾದನೆಯೇ ನಿಂತುಹೋಗಬಹುದು.

‘ವೀರ್ಯವೃದ್ಧಿ’ ಮಾತ್ರೆಗಳ ಕತೆ ಏನು? ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ನಡೆದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯ್ತು. ಗಂಡಸರಿಗೆ ಆರು ತಿಂಗಳು ಜಿಂಕ್, ಫೋಲಿಕ್ ಆಸಿಡ್ ಕೊಟ್ಟರು. ಮಗು ಹುಟ್ಟೋ ಪ್ರಮಾಣ ಹೆಚ್ಚಲಿಲ್ಲ, ಡಿಎನ್‌ಎ ಹಾನಿ ಮಾತ್ರೆ ತಗೊಂಡವರಲ್ಲೇ ಸ್ವಲ್ಪ ಜಾಸ್ತಿ ಇತ್ತು. ರೀಲ್ಸ್ ನೋಡಿ ಮಾತ್ರೆ ತರಿಸೋ ಮುಂಚೆ ಇದು ನೆನಪಿರಲಿ.

ಎರಡು ಎಚ್ಚರಿಕೆ. ಡಿಎಫ್‌ಐ ಹೆಚ್ಚಿದ್ದ ಎಷ್ಟೋ ಜನ ಸಹಜವಾಗಿಯೇ ತಂದೆಯಾಗಿದ್ದಾರೆ, ಹಾಗಾಗಿ ಈ ಸಂಖ್ಯೆ ನೋಡಿ ಕುಸಿಯಬೇಡಿ. ಹೆಂಡತಿಗೆ 37, 38 ವಯಸ್ಸಾಗಿದ್ದರೆ ಮೂರು ತಿಂಗಳು ಕಾಯೋದಕ್ಕೂ ಬೆಲೆ ಇದೆ. ಕಾಯೋದಾ, ಚಿಕಿತ್ಸೆ ಮುಂದುವರಿಸೋದಾ ಅಂತ ಇಬ್ಬರೂ ಒಟ್ಟಿಗೆ ಡಾಕ್ಟರ್ ಮುಂದೆ ಕೂತು ತೀರ್ಮಾನ ಮಾಡಿ.

ಮೊದಲ ವೀರ್ಯ ಪರೀಕ್ಷೆಯಂತೂ ಅಗ್ಗ, ನೋವಿಲ್ಲ, ಬೇಗ ಮುಗಿಯುತ್ತೆ. ಅವಳು ಐದಾರು ಸಲ ಸೂಜಿ ಚುಚ್ಚಿಸಿಕೊಳ್ಳೋ ಮುಂಚೆ ಅವನು ಒಂದು ಸಲ ಲ್ಯಾಬ್‌ಗೆ ಹೋಗಿ ಬರಲಿ. ಈ ಎಪಿಸೋಡನ್ನ ಹೊಸದಾಗಿ ಮದುವೆಯಾದ ನಿಮ್ಮ ಗೆಳೆಯರಿಗೂ ಕಳಿಸಿ.