ನೆರೆ ಬರುವ ಮೊದಲು ಮನೆಯ ಸಿದ್ಧತೆ



ಮೃಗಶಿರ ಮಳೆ ಬಿದ್ದಿತೆಂದರೆ ನಮ್ಮ ಗಮನವೆಲ್ಲ ಗದ್ದೆ ತೋಟದ ಕಡೆಗೆ. ಗಜನಿಯಲ್ಲಿ ಮೊಳಕೆ ಬಂದ ಕಗ್ಗದ ಬೀಜ ಎರಚಬೇಕು, ಒಡ್ಡಿನ ಬಿರುಕು ಮುಚ್ಚಬೇಕು, ತೋಟದ ಕಾಲುವೆ ಬಿಡಿಸಬೇಕು, ಅಡಿಕೆಗೆ ಕೊಳೆಮದ್ದು ಹೊಡೆಯಬೇಕು. ಮನೆಗಾಗಿಯೂ ಕೆಲಸ ಮಾಡುತ್ತೇವೆ. ಹೆಂಚು ಕೈಯಾಡಿಸುತ್ತೇವೆ, ಒಣಕಟ್ಟಿಗೆ ಒಳಗೆ ಹಾಕುತ್ತೇವೆ. ಆದರೆ ನಡುರಾತ್ರಿ ಅಂಗಳಕ್ಕೆ ನೀರು ಬಂದರೆ ಯಾರು ಏನು ಮಾಡಬೇಕು ಅಂತ ಮನೆಮಂದಿ ಕೂತು ಮಾತಾಡಿದ್ದುಂಟೇ? ಆ ಮಾತನ್ನೇ ಇವತ್ತು ಆಡೋಣ.

"ನಾವು ಹುಟ್ಟಿ ಬೆಳೆದದ್ದೇ ಹೊಳೆಯ ದಂಡೆಯಲ್ಲಿ, ನಮಗೆ ನೆರೆಯ ಪಾಠ ಹೇಳಬೇಕೇ?" ಎಂದು ಹಿರಿಯರು ಕೇಳಬಹುದು. ನಿಮ್ಮ ಅನುಭವ ದೊಡ್ಡದು, ಒಪ್ಪಿದೆ. ಆದರೆ ಈಚಿನ ಕೆಲವು ಮಳೆಗಳು ಹಳೆಯ ಲೆಕ್ಕಕ್ಕೆ ಸಿಗುತ್ತಿಲ್ಲ. ಒಂದು ದಿನದಲ್ಲಿ 204.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಸುರಿದರೆ ಹವಾಮಾನ ಇಲಾಖೆಯವರು ಅದನ್ನು ಮಳೆಯ ಕೊನೆಯ ದರ್ಜೆಗೆ ಸೇರಿಸುತ್ತಾರೆ. 2022ರ ಆಗಸ್ಟ್ 2ರಂದು ಭಟ್ಕಳದಲ್ಲಿ ಸುರಿದದ್ದು 500 ಮಿಲಿಮೀಟರಿಗೂ ಹೆಚ್ಚು. ಅದೇ ದಿನ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯಲ್ಲಿದ್ದ ನಾಲ್ವರು ತೀರಿಹೋದರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ಗಂಗಾವಳಿ ಹೊಳೆಗೆ ಬಿತ್ತು. ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಆ ದಡದವರಿಗೆ ಈ ದಡದ ಗುಡ್ಡದಿಂದ ಅಪಾಯ ಬಂದೀತೆಂದು ಯಾರು ಎಣಿಸಿದ್ದರು?

ಇನ್ನು ನಮ್ಮ ಅಘನಾಶಿನಿಯ ಮಾತು. ಪಕ್ಕದ ಶರಾವತಿಗೆ ಲಿಂಗನಮಕ್ಕಿಯಲ್ಲಿ, ಗೇರುಸೊಪ್ಪೆಯಲ್ಲಿ ಅಣೆಕಟ್ಟುಗಳಿವೆ. ನೀರು ಬಿಡುವ ಮುಂಚೆ ಹೊನ್ನಾವರದ ಕಡೆಯ ದಂಡೆಯ ಊರುಗಳಿಗೆ ಸೂಚನೆ ಬರುತ್ತದೆ. ಅಘನಾಶಿನಿಗೆ ಸಿರ್ಸಿಯ ಮೂಲದಿಂದ ತದಡಿಯ ಅಳಿವೆಯವರೆಗೆ ಒಂದೂ ಅಣೆಕಟ್ಟಿಲ್ಲ. ಹೊಳೆ ತಡೆಯಿಲ್ಲದೆ ಹರಿಯುವುದರಿಂದಲೇ ನಮಗೆ ಮೀನು, ಬೆಳಚು, ಗಜನಿಯ ಮೆಕ್ಕಲು ಎಲ್ಲ ಸಿಗುತ್ತಿವೆ. ಅದು ನಮ್ಮ ಭಾಗ್ಯ. ಆದರೆ ಬಾಗಿಲೇ ಇಲ್ಲದ ಮೇಲೆ ಬಾಗಿಲು ತೆರೆದೆವೆಂದು ಹೇಳುವವರೂ ಇಲ್ಲ. ಸಿರ್ಸಿ, ಸಿದ್ದಾಪುರದ ಘಟ್ಟದಲ್ಲಿ ಬಿದ್ದ ಮಳೆ ನೇರ ಕೆಳಗಿಳಿದು ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತ ಅದೇ ಹೊತ್ತಿಗೆ ಕೂಡಿಕೊಂಡರೆ ಸಮುದ್ರ ನೀರು ತೆಗೆದುಕೊಳ್ಳುವುದಿಲ್ಲ. ಹೊಳೆ ದಂಡೆ ಮೀರಿ ಗದ್ದೆಗೆ, ಗದ್ದೆಯಿಂದ ಅಂಗಳಕ್ಕೆ ಬರುತ್ತದೆ. ಹಾಗಾಗಿ ಇಲ್ಲಿ ಕಾವಲು ಕಾಯುವ ಕೆಲಸ ಮನೆಮನೆಯದು.

ಮೊದಲ ಕೆಲಸ, ಒಂದು ಗೂಟ. ಅಂಗಳದಿಂದ ಬ್ಯಾಟರಿ ಬಿಟ್ಟರೆ ಕಾಣುವ ಜಾಗದಲ್ಲಿ ಗಟ್ಟಿಯಾದ ಗೂಟ ಹುಗಿದು ಬಿಳಿ ಬಣ್ಣದಲ್ಲಿ ಮೂರು ಗೆರೆ ಎಳೆಯಿರಿ. ನೀರು ಮೊದಲ ಗೆರೆ ಮುಟ್ಟಿದರೆ ಸಾಮಾನು, ಕಾಗದಪತ್ರ ಮೇಲೇರಿಸುವುದು. ಎರಡನೆಯದಕ್ಕೆ ಬಂದರೆ ಮುದುಕರು, ಬಸುರಿಯರು, ಮಕ್ಕಳು, ದನಕರು ಎತ್ತರದ ಜಾಗಕ್ಕೆ ಹೊರಡುವುದು. ಮೂರನೆಯದು ಮುಟ್ಟುವ ಮೊದಲೇ ಮನೆ ಖಾಲಿಯಾಗಿರಬೇಕು. ಕತ್ತಲಾಗುವಾಗಲೇ ನೀರು ಏರುತ್ತಿದ್ದರೆ ಒಂದು ಗೆರೆ ಮೊದಲೇ ಹೊರಡಿ, ರಾತ್ರಿಯ ನೀರಿನಲ್ಲಿ ದಾರಿ ಕಾಣುವುದಿಲ್ಲ. "ಇನ್ನೂ ಸ್ವಲ್ಪ ನೋಡೋಣ" ಅಂತ ಕೂತವರು ಎದೆಮಟ್ಟದ ನೀರಿನಲ್ಲಿ ಹೊರಡಬೇಕಾಗುತ್ತದೆ. ಗೂಟ ಇದ್ದರೆ ಈ ವಾದಕ್ಕೆ ಎಡೆಯಿಲ್ಲ. ಘಟ್ಟದ ಮೇಲೆ ನೆಂಟರಿದ್ದರೆ, "ಅಲ್ಲಿ ಮಳೆ ಜೋರಾದರೆ ಒಂದು ಫೋನು ಮಾಡು ಮಾರಾಯಾ" ಎಂದು ಮೊದಲೇ ಹೇಳಿಡಿ. ಅಲ್ಲಿ ಮಳೆ ಬಿದ್ದು ಇಲ್ಲಿ ನೀರು ಏರಲು ಎಷ್ಟು ಹೊತ್ತಾಯಿತೆಂದು ಕ್ಯಾಲೆಂಡರಿನಲ್ಲಿ ಬರೆಯುತ್ತ ಹೋಗಿ. ಎರಡು ಮಳೆಗಾಲದಲ್ಲಿ ನಿಮ್ಮ ಮನೆಗೆ ಬೇಕಾದ ಲೆಕ್ಕ ನಿಮ್ಮಲ್ಲೇ ಇರುತ್ತದೆ.

ಎರಡನೆಯದು, ಕೆಲಸ ಹಂಚಿಕೊಳ್ಳುವುದು. ಅಜ್ಜಿಯ ಕೈ ಹಿಡಿಯುವವರು ಯಾರು, ಕರೆಂಟಿನ ಮೇನ್ ಸ್ವಿಚ್ಚು, ಗ್ಯಾಸ್ ಬಂದ್ ಮಾಡುವವರು ಯಾರು, ಕೊಟ್ಟಿಗೆಗೆ ಓಡುವವರು ಯಾರು, ಇದೆಲ್ಲ ನಿಶ್ಚಯವಾಗಿರಲಿ. ಗಂಡಸರು ದೋಣಿಗೋ ಪೇಟೆಗೋ ಹೋದಾಗ ನೀರು ಬಂದರೆ? ಅದಕ್ಕೇ ಹೆಂಗಸರಿಗೂ ದೊಡ್ಡ ಮಕ್ಕಳಿಗೂ ಎಲ್ಲ ಕೆಲಸ ಗೊತ್ತಿರಬೇಕು. ಹೋಗಿ ಸೇರುವ ಜಾಗವೂ ಗೊತ್ತಿರಲಿ. ಅಲ್ಲಿಗೆ ಎರಡು ದಾರಿ ನೋಡಿಡಿ. ಕತಗಾಲದ ಹತ್ತಿರ ಕುಮಟಾ–ಸಿರ್ಸಿ ರಸ್ತೆಯ ಮೇಲೇ ನೀರು ನಿಲ್ಲುವುದನ್ನು ಕಂಡಿದ್ದೇವಲ್ಲ, ಒಂದೇ ದಾರಿಯನ್ನು ನಂಬಬಾರದು.

ಮೂರನೆಯದು, ಒಂದು ಚೀಲ. ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ ಚೀಲ ಸಾಕು. ಅದರೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಟ್ಟಿದ ಪಹಣಿ, ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ಕು. ಬಿಪಿ, ಸಕ್ಕರೆ ಕಾಯಿಲೆಯವರ ಒಂದು ವಾರದ ಮಾತ್ರೆ. ಬ್ಯಾಟರಿ, ಬೆಂಕಿಪೆಟ್ಟಿಗೆ, ಒಂದು ಸೀಟಿ, ಸ್ವಲ್ಪ ಚಿಲ್ಲರೆ ಹಣ, ಅವಲಕ್ಕಿ, ಬೆಲ್ಲ. ನೆಂಟರ ಫೋನ್ ನಂಬರು ಕಾಗದದ ಮೇಲೆ ಬರೆದಿರಲಿ, ಮೊಬೈಲು ಸತ್ತರೆ ನಂಬರೂ ಸಿಗುವುದಿಲ್ಲ. ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ ಮೂರು ಲೀಟರಾದರೂ ಬೇಕು. ಐದು ಜನಕ್ಕೆ ಮೂರು ದಿನಕ್ಕೆ 45 ಲೀಟರು. ಮಳೆ ಜೋರಾಗುವ ಸೂಚನೆ ಬಂದ ಕೂಡಲೇ ತುಂಬಿ, ಮುಚ್ಚಿ, ಎತ್ತರದಲ್ಲಿಡಿ.

ನಾಲ್ಕನೆಯದು, ದನಕರು. ಕಟ್ಟಿದ ದನಕ್ಕೆ ಈಜು ಬಂದೇನು ಫಲ? ಹೊತ್ತಿಗೆ ಮುಂಚೆ ಹೊಡೆದುಕೊಂಡು ಹೋಗಿ. ಅದಾಗದಿದ್ದರೆ ಹಗ್ಗ ಬಿಚ್ಚಿ, ಕೊಟ್ಟಿಗೆಯ ಬಾಗಿಲು ತೆರೆದಿಡಿ. ಎಳೆದರೆ ಬಿಚ್ಚುವ ಗಂಟನ್ನೇ ಮಳೆಗಾಲವಿಡೀ ಹಾಕಿ. ಹಗ್ಗ ಕೊಯ್ಯಲು ಒಂದು ಕತ್ತಿ ಕೊಟ್ಟಿಗೆಯ ಗೋಡೆಗೇ ಸಿಕ್ಕಿಸಿರಲಿ.

ಐದನೆಯದು, ಬೀಜ. ಮಾಣಿಕಟ್ಟಾದಂಥ ಗಜನಿಯ ಊರುಗಳಲ್ಲಿ ಬೆಳೆಯುವ ಕಗ್ಗ ಉಪ್ಪುನೀರನ್ನೂ ನೆರೆಯನ್ನೂ ತಾಳುವ ಭತ್ತ. ಪೇಟೆಯ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಬೀಜವಲ್ಲ. ಗದ್ದೆಗೆ ಎರಚಿದ್ದು ಕೊಚ್ಚಿಹೋದರೆ ಮತ್ತೆ ಬಿತ್ತಲು ಬೇಕಲ್ಲವೇ? ಪೂರ್ತಿ ಬಿತ್ತಿಬಿಡದೆ ಸ್ವಲ್ಪ ಉಳಿಸಿ, ಒಂದು ಪಾಲು ನಿಮ್ಮ ಅಟ್ಟದಲ್ಲಿ, ಇನ್ನೊಂದು ಪಾಲು ಎತ್ತರದಲ್ಲಿರುವ ನೆಂಟರ ಮನೆಯಲ್ಲಿಡಿ. ಅವರದು ಕೆಟ್ಟರೆ ನಿಮ್ಮದು, ನಿಮ್ಮದು ಹೋದರೆ ಅವರದು.

ಗುಡ್ಡದ ಬುಡದಲ್ಲಿ ಮನೆಯಿರುವವರಿಗೆ ಒಂದು ಮಾತು. ದರೆಯಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಇದ್ದಕ್ಕಿದ್ದಂತೆ ಒಸರುವ ಕೆಂಪು ನೀರು, ಸರಿಯಾಗಿ ಹಾಕುತ್ತಿದ್ದ ಬಾಗಿಲು ಹಿಡಿದುಕೊಳ್ಳುವುದು, ಇವು ಗುಡ್ಡ ಕೊಡುವ ಸೂಚನೆ. ಇದರಲ್ಲಿ ಒಂದನ್ನು ಕಂಡರೂ ಆ ರಾತ್ರಿ ಆ ಮನೆಯಲ್ಲಿ ಮಲಗಬೇಡಿ. ಸೂಚನೆ ಕಾಣದಿದ್ದರೂ ಜೋರು ಮಳೆಯ ದಿನಗಳಲ್ಲಿ ದರೆಯ ಬದಿಯ ಕೋಣೆಯಲ್ಲಿ ಮಲಗುವುದು ಬೇಡ.

ನೀರು ಇಳಿದ ಮೇಲೂ ಎಚ್ಚರ ಬಿಡಬಾರದು. ಬಿದ್ದ ತಂತಿಯ ಹತ್ತಿರ ಹೋಗದೆ 1912ಕ್ಕೆ ತಿಳಿಸಿ. ಸೌದೆ ರಾಶಿಯಲ್ಲಿ, ಹಾಸಿಗೆಯ ಸಂದಿಯಲ್ಲಿ ಹಾವು ಸೇರಿರುತ್ತದೆ, ಕೋಲಿನಿಂದ ತಟ್ಟಿ ನೋಡಿಯೇ ಕೈಹಾಕಿ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಿಸದೆ ನೇರ ಆಸ್ಪತ್ರೆಗೆ ಒಯ್ಯಿರಿ. ಹಾವಿನ ವಿಷದ ಇಂಜೆಕ್ಷನ್ನು ಯಾವ ಆಸ್ಪತ್ರೆಯಲ್ಲಿದೆ ಎಂದು ಮಳೆಗಾಲಕ್ಕೆ ಮುಂಚೆಯೇ ವಿಚಾರಿಸಿಡಿ. ನೆರೆ ಹೊಕ್ಕ ಬಾವಿಯ ನೀರನ್ನು ಶುದ್ಧಿ ಮಾಡಿಸುವ ತನಕ ಕುಡಿಯಬೇಡಿ, ಶುದ್ಧಿಯಾದ ಮೇಲೂ ಮಳಮಳ ಕುದಿಸಿಯೇ ಕುಡಿಯಿರಿ. ಕೆಸರಿನಲ್ಲಿ ಓಡಾಡಿದವರಿಗೆ ಜ್ವರ, ಮೈಕೈ ನೋವು ಬಂದರೆ ಅದು ಇಲಿಜ್ವರವಿರಬಹುದು. ನೆರೆನೀರಿನಲ್ಲಿ ನಡೆದದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಗೋಡೆಯ ಮೇಲೆ ಮಸಿಯಿಂದ ಮೂರು ನಂಬರು ದೊಡ್ಡದಾಗಿ ಬರೆಯಿರಿ. ಯಾವುದೇ ಆಪತ್ತಿಗೆ 112, ಆಂಬುಲೆನ್ಸಿಗೆ 108, ನೆರೆ ಕುಸಿತಗಳ ಸುದ್ದಿಗೆ ಜಿಲ್ಲಾ ಕಚೇರಿಯ 1077.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆ ನಮ್ಮಲ್ಲೇ ಇದೆ. ಗೂಟಕ್ಕೆ ಒಂದು ಗಂಟೆ, ಚೀಲಕ್ಕೆ ಒಂದು ಗಂಟೆ, ಮನೆಮಂದಿಯ ಮಾತಿಗೆ ಒಂದು ಸಂಜೆ, ಇಷ್ಟೇ ಖರ್ಚು. ಪುನರ್ವಸುವಿನಿಂದ ಆಶ್ಲೇಷದ ತನಕ ಮಳೆಯ ಭರ. ಅಷ್ಟರೊಳಗೆ ಮುಗಿಸಿ. ನಿಮ್ಮದಾದ ಮೇಲೆ, ಒಬ್ಬರೇ ಇರುವ ಮುದುಕರು ಪಕ್ಕದ ಮನೆಯಲ್ಲಿದ್ದರೆ ಅಲ್ಲಿಗೂ ಹೋಗಿ ಒಂದು ಚೀಲ ಕಟ್ಟಿಕೊಟ್ಟು ಬನ್ನಿ.