ಪುಸ್ತಕದಂಗಡಿಯ ಅತಿಥಿಗಳು

(ಬಾನುಲಿ ಭಾಷಣ)

ಪುಸ್ತಕದಂಗಡಿಯೆಂದರೆ ಪುಸ್ತಕಗಳನ್ನು ಮಾರುವ ಸ್ಥಳ. ಇಷ್ಟು ಹೇಳಿದರೆ ಅದರ ಲಕ್ಷಣವನ್ನು ಹೇಳಿ ಮುಗಿಸಿದಂತಾಯಿತೆಂದು ನಾವು ತಿಳಿಯುತ್ತೇವೆ. ಆದರೆ ಅಕ್ಕಿಯ ಅಂಗಡಿಗೂ ಪುಸ್ತಕದ ಅಂಗಡಿಗೂ ಒಂದು ವ್ಯತ್ಯಾಸವುಂಟು. ಅಕ್ಕಿ ಕೊಳ್ಳಲು ಹೊರಟವನಿಗೆ ತನಗೆ ಬೇಕಾದುದು ಏನೆಂಬುದು ಮನೆಯಲ್ಲಿಯೇ ಗೊತ್ತಿರುತ್ತದೆ. ಪುಸ್ತಕದಂಗಡಿಯ ಮೆಟ್ಟಿಲು ಹತ್ತಿದವನಿಗೆ ತನಗೆ ಬೇಕಾದ ಪುಸ್ತಕ ಯಾವುದೆಂಬುದು ಎಷ್ಟೋ ಸಲ ಒಳಗೆ ಹೋದ ಮೇಲೆಯೇ ತಿಳಿಯುತ್ತದೆ. ತಿಳಿಸುವವನು ಒಮ್ಮೆ ಅಂಗಡಿಯ ಯಜಮಾನನಾಗಿರಬಹುದು, ಒಮ್ಮೆ ಪಕ್ಕದಲ್ಲಿ ನಿಂತು ಹಾಳೆ ಮಗುಚುತ್ತಿರುವ ಇನ್ನೊಬ್ಬ ಓದುಗನಾಗಿರಬಹುದು. ಅಪರೂಪಕ್ಕೊಮ್ಮೆ, ಆ ಪುಸ್ತಕವನ್ನು ಬರೆದ ಲೇಖಕನೇ ಆಗಿರಬಹುದು. ಹೀಗೆ ಲೇಖಕನನ್ನು ಅಂಗಡಿಗೇ ಬರಮಾಡಿಕೊಂಡು, ಕಪಾಟುಗಳ ನಡುವೆ ನಾಲ್ಕು ಕುರ್ಚಿ ಹಾಕಿ, ಅವನ ಬರಹವನ್ನು ಅವನ ಬಾಯಿಂದಲೇ ಕೇಳುವ ಪದ್ಧತಿಯೊಂದಿದೆ. ಅದರ ವಿಷಯವಾಗಿ ಕೆಲವು ಮಾತುಗಳನ್ನು ತಮ್ಮ ಮುಂದಿಡಬೇಕೆಂದಿದ್ದೇನೆ.

ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ಕಾವ್ಯದ ಚರಿತ್ರೆಯನ್ನು ಓದಿದವರಿಗೆ ಹೆರಾಲ್ಡ್ ಮನ್ರೋ ಎಂಬ ಹೆಸರು ಅಪರಿಚಿತವಲ್ಲ. ಸ್ವತಃ ಕವಿಯಾಗಿದ್ದ ಈತ 1913ರ ಜನವರಿಯಲ್ಲಿ ಲಂಡನ್ನಿನ ಡೆವನ್‌ಷೈರ್ ಬೀದಿಯಲ್ಲಿ ‘ಪೊಯೆಟ್ರಿ ಬುಕ್‌ಷಾಪ್’ ಎಂಬ ಅಂಗಡಿಯನ್ನು ತೆರೆದ. ಅದು ಅಂಥ ಅಂದವಾದ ಬೀದಿಯೇನೂ ಆಗಿರಲಿಲ್ಲ. ಚಿನ್ನದ ರೇಕು ಬಡಿಯುವ ಕಸಬುದಾರರ ಸುತ್ತಿಗೆಯ ಸದ್ದು ಅಲ್ಲಿ ಕೇಳಿಬರುತ್ತಿತ್ತು. ಕೆಳಗೆ ಅಂಗಡಿ, ಮೇಲೆ ಕವಿತಾವಾಚನ. ಕಾವ್ಯವು ಕಣ್ಣಿಗಿಂತ ಮೊದಲು ಕಿವಿಗೆ ಸೇರಿದ್ದು ಎಂಬುದು ಮನ್ರೋನ ದೃಢವಾದ ನಂಬಿಕೆ. ವಾರಕ್ಕೆ ಎರಡು ಸಂಜೆ ಅಲ್ಲಿ ಕವಿತೆಗಳನ್ನು ಓದುತ್ತಿದ್ದರು. ಯೇಟ್ಸ್‌ನಂಥ ಕವಿಯೂ ಅಲ್ಲಿ ಓದಿದ. ಹೆಸರು ಕೇಳಿರದ ತರುಣರೂ ಓದಿದರು.

ಆ ಅಂಗಡಿಯ ಪ್ರಾರಂಭದ ದಿನ ನೆರೆದಿದ್ದವರ ನಡುವೆ ಅಮೆರಿಕದಿಂದ ಬಂದಿದ್ದ ಒಬ್ಬ ಆಗಂತುಕನಿದ್ದ. ವಯಸ್ಸು ನಲವತ್ತರ ಸಮೀಪ. ಆದರೆ ಅಷ್ಟರವರೆಗೆ ಒಂದೂ ಸಂಕಲನ ಅಚ್ಚಾಗಿರಲಿಲ್ಲ. ಅವನೇ ರಾಬರ್ಟ್ ಫ್ರಾಸ್ಟ್. ಅಲ್ಲಿ ಅವನಿಗೆ ಎಫ್. ಎಸ್. ಫ್ಲಿಂಟ್ ಎಂಬ ಕವಿಯ ಪರಿಚಯವಾಯಿತು. ಫ್ಲಿಂಟ್‌ನ ಮೂಲಕ ಎಜ್ರಾ ಪೌಂಡ್‌ನ ಪರಿಚಯವಾಯಿತು. ಅದೇ ವರ್ಷ ಫ್ರಾಸ್ಟ್‌ನ ಮೊದಲ ಸಂಕಲನ ಲಂಡನ್ನಿನಲ್ಲಿ ಪ್ರಕಟವಾದಾಗ ಅದನ್ನು ಗುರುತಿಸಿ ವಿಮರ್ಶೆ ಬರೆದವರಲ್ಲಿ ಪೌಂಡ್ ಒಬ್ಬ. ಅಂದು ಮನ್ರೋನ ಅಂಗಡಿಯಲ್ಲಿ ಎಷ್ಟು ಪುಸ್ತಕ ಮಾರಾಟವಾದುವೋ ಯಾರಿಗೆ ಬೇಕು? ಇಬ್ಬರು ಅಪರಿಚಿತರು ಒಂದೇ ಸೂರಿನಡಿ ನಿಂತು ಮಾತನಾಡಿದರು. ಅದೇ ಅಂದಿನ ದೊಡ್ಡ ವ್ಯಾಪಾರ.

ಆದರೆ ವ್ಯಾಪಾರಕ್ಕೆ ಅದರದೇ ಆದ ಲೆಕ್ಕವೂ ಉಂಟಷ್ಟೆ. ಮನ್ರೋನ ಅಂಗಡಿ ಎಂದೂ ಲಾಭ ಕಾಣಲಿಲ್ಲ. ತನ್ನ ಸ್ವಂತ ಹಣವನ್ನು ಸುರಿದು ಅವನು ಅದನ್ನು ನಡೆಸಿದ. 1926ರಲ್ಲಿ ಅಂಗಡಿ ಬ್ರಿಟಿಷ್ ಮ್ಯೂಸಿಯಮ್ಮಿನ ಸಮೀಪಕ್ಕೆ ಸ್ಥಳಾಂತರವಾಯಿತು. 1932ರಲ್ಲಿ ಮನ್ರೋ ತೀರಿಕೊಂಡ. 1935ರಲ್ಲಿ ಅಂಗಡಿಯೂ ಮುಚ್ಚಿತು. ಲೇಖಕರನ್ನು ಕರೆಯುವ ಅಂಗಡಿಯ ಕಥೆಯನ್ನು ಹೇಳುವಾಗ ಈ ಮಾತನ್ನು ಮರೆಮಾಚಬಾರದು.

ಇನ್ನು ಪ್ಯಾರಿಸ್ಸಿನ ಒದೆಯೋಂ ಬೀದಿಗೆ ಹೋಗೋಣ. ಅಲ್ಲಿ 7ನೆಯ ನಂಬರಿನ ಕಟ್ಟಡದಲ್ಲಿ ಆದ್ರಿಯೆನ್ ಮೊನಿಯೆ ಎಂಬ ಫ್ರೆಂಚ್ ಮಹಿಳೆ 1915ರಲ್ಲಿ, ಮೊದಲನೆಯ ಮಹಾಯುದ್ಧದ ನಡುವೆ, ಒಂದು ಪುಸ್ತಕದಂಗಡಿಯನ್ನು ತೆರೆದಿದ್ದಳು. ‘ಪುಸ್ತಕಮಿತ್ರರ ಮನೆ’ ಎಂದು ಆಕೆ ಅದನ್ನು ಕರೆದಳು. ಹೆಸರೇ ಎಲ್ಲವನ್ನೂ ಹೇಳುತ್ತದೆ: ಅದು ಮನೆ, ಬಂದವರು ಮಿತ್ರರು. 1919ರ ಮಾರ್ಚಿನಲ್ಲಿ ಎರಿಕ್ ಸತೀ ಎಂಬ ಸಂಗೀತಗಾರ ಪ್ಲೇಟೋನ ಸಂವಾದಗಳ ಮಾತುಗಳಿಗೆ ಸಂಯೋಜಿಸಿದ ‘ಸೋಕ್ರಾತ್’ ಎಂಬ ಕೃತಿಯನ್ನು ಅದೇ ಅಂಗಡಿಯಲ್ಲಿ ಹಾಡಿದರು. ಸತೀಯೇ ಪಿಯಾನೋ ನುಡಿಸಿದ. ಅದೇ ವರ್ಷ ಮೊನಿಯೆಯ ಗೆಳತಿ, ಅಮೆರಿಕದ ಸಿಲ್ವಿಯಾ ಬೀಚ್, ಸಮೀಪದ ಬೀದಿಯೊಂದರಲ್ಲಿ ‘ಷೇಕ್ಸ್‌ಪಿಯರ್ ಅಂಡ್ ಕಂಪನಿ’ ಎಂಬ ಇಂಗ್ಲಿಷ್ ಪುಸ್ತಕಗಳ ಅಂಗಡಿಯನ್ನಿಟ್ಟಳು. 1921ರಲ್ಲಿ ಅದು ಒದೆಯೋಂ ಬೀದಿಯ 12ನೆಯ ನಂಬರಿಗೆ ಬಂದಿತು. ಆಚೆ ಫ್ರೆಂಚು, ಈಚೆ ಇಂಗ್ಲಿಷು. ನಡುವೆ ಒಂದು ಬೀದಿ.

1921ರ ಡಿಸೆಂಬರ್ 7ರ ಸಂಜೆ ಮೊನಿಯೆಯ ಅಂಗಡಿಯಲ್ಲಿ ಸುಮಾರು 250 ಜನ ಒತ್ತೊತ್ತಾಗಿ ಕುಳಿತಿದ್ದರು. ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ಇನ್ನೂ ಪುಸ್ತಕವಾಗಿ ಹೊರಬಂದಿರಲಿಲ್ಲ. ಅದನ್ನು ಅಚ್ಚುಮಾಡುವ ಸಾಹಸಕ್ಕೆ ಸಿಲ್ವಿಯಾ ಬೀಚ್ ಕೈಹಾಕಿದ್ದಳು. ಫ್ರೆಂಚ್ ಲೇಖಕ ವಾಲೆರಿ ಲಾರ್ಬೋ ಆ ಸಂಜೆ ಜಾಯ್ಸ್‌ನನ್ನು ಕುರಿತು ಉಪನ್ಯಾಸ ಮಾಡಿದ. ಕೃತಿಯ ಕೆಲವು ಭಾಗಗಳನ್ನು ಓದಲಾಯಿತು. ಕೆಲವು ಪುಟಗಳು ಕೇಳುವವರಿಗೆ ಮುಜುಗರವನ್ನುಂಟುಮಾಡಬಹುದೆಂದು ಆಹ್ವಾನಪತ್ರಿಕೆಯಲ್ಲಿಯೇ ಎಚ್ಚರಿಕೆ ಕೊಟ್ಟಿದ್ದರು. ಗ್ರಂಥಕರ್ತ ಎಲ್ಲಿದ್ದ? ವೇದಿಕೆಯ ಮೇಲಲ್ಲ, ಒಂದು ತೆರೆಯ ಹಿಂದೆ ಅಡಗಿ ಕುಳಿತಿದ್ದ! ಉಪನ್ಯಾಸ ಮುಗಿದ ಮೇಲೆ ಲಾರ್ಬೋ ಅವನನ್ನು ಹೊರಗೆಳೆದು ತಂದು ಎರಡು ಕೆನ್ನೆಗಳಿಗೂ ಮುತ್ತಿಟ್ಟಾಗ ಆ ಮಹಾಲೇಖಕನ ಮುಖ ನಾಚಿಕೆಯಿಂದ ಕೆಂಪಾಯಿತಂತೆ. ಎಂಟು ವಾರಗಳ ನಂತರ, 1922ರ ಫೆಬ್ರುವರಿ 2ರಂದು, ಜಾಯ್ಸ್‌ನ ನಲವತ್ತನೆಯ ಹುಟ್ಟುಹಬ್ಬದ ದಿನ, ‘ಯುಲಿಸಿಸ್’ ಪ್ರಕಟವಾಯಿತು. ಮೊದಲ ಮುದ್ರಣದ ಪ್ರತಿಗಳು 1,000.

ಈ ಸಮಾರಂಭದಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಅಲ್ಲಿ ಸನ್ಮಾನ ನಡೆದದ್ದು ವ್ಯಕ್ತಿಗಲ್ಲ, ಕೃತಿಗೆ. ಕೃತಿಯನ್ನು ಓದಿ, ಅರಗಿಸಿಕೊಂಡು, ಅದರ ರಚನೆಯನ್ನು ತಿಳಿದ ಒಬ್ಬನು, ಅದನ್ನು ಇನ್ನೂ ಕಂಡಿರದ ಜನಕ್ಕೆ ದಾರಿ ತೋರಿಸಿದ. ಲೇಖಕ ತೆರೆಯ ಹಿಂದಿದ್ದರೂ ಸಭೆಗೆ ಏನೂ ಕೊರತೆಯಾಗಲಿಲ್ಲ.

ಹದಿನೈದು ವರ್ಷಗಳು ಕಳೆದವು. ಜಗತ್ತಿನ ಆರ್ಥಿಕ ಮುಗ್ಗಟ್ಟಿನಿಂದಾಗಿ ಪ್ಯಾರಿಸ್ಸಿನಲ್ಲಿದ್ದ ಅಮೆರಿಕನ್ನರು ಊರು ಸೇರಿದ್ದರು. ಸಿಲ್ವಿಯಾ ಬೀಚ್‌ಳ ಗಿರಾಕಿಗಳು ಕರಗಿದ್ದರು. ‘ಯುಲಿಸಿಸ್’ನಿಂದ ಆಕೆಗೆ ಐಶ್ವರ್ಯ ಬಂದಿರಬೇಕೆಂದು ನಾವು ಊಹಿಸಬಹುದು. ವಸ್ತುಸ್ಥಿತಿ ಹಾಗಿರಲಿಲ್ಲ, ಆ ಗ್ರಂಥದ ಮೇಲೆ ತನಗಿದ್ದ ಹಕ್ಕನ್ನು ಆಕೆ ಯಾವ ಹಣವನ್ನೂ ಪಡೆಯದೆ ಬಿಟ್ಟುಕೊಟ್ಟಿದ್ದಳು. ಅತಿಥಿಯನ್ನು ಸತ್ಕರಿಸಿ ಆತಿಥೇಯಳ ಕೈ ಬರಿದಾಗಿತ್ತು. ಅಂಗಡಿಯನ್ನು ಮುಚ್ಚುವ ಮಾತು ಬಂದಾಗ ಆಂದ್ರೆ ಜೀದ್ ಮೊದಲಾದ ಫ್ರೆಂಚ್ ಲೇಖಕರು ಅದಕ್ಕೆ ಒಪ್ಪಲಿಲ್ಲ. ‘ಷೇಕ್ಸ್‌ಪಿಯರ್ ಅಂಡ್ ಕಂಪನಿಯ ಮಿತ್ರರು’ ಎಂಬ ಕೂಟವೊಂದು ಹುಟ್ಟಿತು. ಸದಸ್ಯರು ಎರಡು ವರ್ಷಗಳ ಕಾಲ ವರ್ಷಕ್ಕೆ 200 ಫ್ರಾಂಕ್ ಕೊಡಬೇಕು. ಅದಕ್ಕೆ ಪ್ರತಿಯಾಗಿ ಲೇಖಕರು ಆ ಅಂಗಡಿಯಲ್ಲಿ ತಮ್ಮ ಅಪ್ರಕಟಿತ ಬರಹಗಳನ್ನು ಓದುವರು. ಸದಸ್ಯರ ಮಿತಿಯೂ 200. ಅದಕ್ಕಿಂತ ಹೆಚ್ಚು ಜನಕ್ಕೆ ಅಲ್ಲಿ ಜಾಗವಿರಲಿಲ್ಲ. ಜೀದ್ ಓದಿದ, ಪಾಲ್ ವಲೇರಿ ಓದಿದ. 1936ರಲ್ಲಿ ಟಿ. ಎಸ್. ಎಲಿಯಟ್ ಲಂಡನ್ನಿನಿಂದ ಬಂದು ಓದಿದ. ಸಾರ್ವಜನಿಕವಾಗಿ ಓದುವುದಿಲ್ಲವೆಂದು ಹಟ ಹಿಡಿದಿದ್ದ ಹೆಮಿಂಗ್ವೇ ಸಹ, ಸ್ಟೀಫನ್ ಸ್ಪೆಂಡರ್ ಜೊತೆಗಿರುವುದಾದರೆ ಓದುತ್ತೇನೆಂದು ಹೇಳಿ, 1937ರಲ್ಲಿ ತನ್ನ ನಿಯಮವನ್ನು ಮುರಿದ. ಅಂಗಡಿ ಉಳಿಯಿತು. ಉಂಡ ಮನೆಯ ಋಣವನ್ನು ಅತಿಥಿಗಳು ಹೀಗೆ ತೀರಿಸಿದರು.

ಕಥೆಯ ಕೊನೆಯ ಭಾಗವನ್ನು ಹೇಳಿಬಿಡುತ್ತೇನೆ. 1941ರ ಡಿಸೆಂಬರ್ ತಿಂಗಳು. ಪ್ಯಾರಿಸ್ ಜರ್ಮನರ ವಶದಲ್ಲಿತ್ತು. ಒಬ್ಬ ಜರ್ಮನ್ ಅಧಿಕಾರಿ ಅಂಗಡಿಗೆ ಬಂದು, ಕಿಟಕಿಯಲ್ಲಿಟ್ಟಿದ್ದ ಜಾಯ್ಸ್‌ನ ‘ಫಿನೆಗನ್ಸ್ ವೇಕ್’ ಗ್ರಂಥವನ್ನು ಕೇಳಿದ. ಉಳಿದಿದ್ದುದು ಅದೊಂದೇ ಪ್ರತಿ. ಜಾಯ್ಸ್ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದ. ಅದು ಮಾರಾಟಕ್ಕಿಲ್ಲವೆಂದು ಸಿಲ್ವಿಯಾ ಬೀಚ್ ಹೇಳಿದಳು. ಮತ್ತೊಮ್ಮೆ ಬಂದಾಗ ಆ ಅಧಿಕಾರಿ, ಅಂಗಡಿಯ ಸರಕನ್ನೆಲ್ಲ ಜಪ್ತಿ ಮಾಡುವುದಾಗಿ ಬೆದರಿಸಿ ಹೋದ. ಆಕೆ ಮಿತ್ರರನ್ನು ಕೂಡಿಸಿಕೊಂಡು, ಕೆಲವೇ ಗಂಟೆಗಳಲ್ಲಿ ಎಲ್ಲ ಪುಸ್ತಕಗಳನ್ನೂ ಬುಟ್ಟಿಗಳಲ್ಲಿ ತುಂಬಿ ಅದೇ ಕಟ್ಟಡದ ಮೇಲಂತಸ್ತಿಗೆ ಸಾಗಿಸಿದಳು. ಮುಂಬಾಗಿಲ ಮೇಲಿನ ಹೆಸರನ್ನು ಬಣ್ಣ ಬಳಿದು ಅಳಿಸಿದರು. ಮರುವರ್ಷ ಆಕೆ ಆರು ತಿಂಗಳ ಕಾಲ ಬಂಧನದಲ್ಲಿದ್ದಳು. ಆಕೆಯ ಅಂಗಡಿ ಮತ್ತೆ ತೆರೆಯಲಿಲ್ಲ. ಒಂದು ಪುಸ್ತಕವನ್ನು ಮಾರಲೊಲ್ಲದೆ ಇಡೀ ಅಂಗಡಿಯನ್ನು ಕಳೆದುಕೊಂಡವಳನ್ನು ವ್ಯಾಪಾರಿ ಎನ್ನುವುದಾದರೆ, ಆ ಶಬ್ದಕ್ಕೆ ನಾವು ಹೊಸ ಅರ್ಥವನ್ನು ಕೊಡಬೇಕಾಗುತ್ತದೆ.

ಇದೆಲ್ಲ ಪರದೇಶದ ಮಾತಾಯಿತು, ನಮಗೇನು ಸಂಬಂಧ ಎಂದು ತಾವು ಕೇಳಬಹುದು. ಬರಹವನ್ನು ಕೂಡಿ ಕುಳಿತು ಕೇಳುವುದು ನಮಗೆ ಹೊಸದಲ್ಲ. ಗುಡಿಯ ಪ್ರಾಂಗಣದಲ್ಲಿ, ಮನೆಯ ಪಡಸಾಲೆಯಲ್ಲಿ ಗಮಕಿಗಳು ಕುಮಾರವ್ಯಾಸನನ್ನು ಓದುತ್ತಿದ್ದರು. ಅಕ್ಷರ ಬಾರದವರೂ ಕೇಳಿ ತಲೆದೂಗುತ್ತಿದ್ದರು. ಪುಸ್ತಕವನ್ನು ಹೊತ್ತು ಓದುಗನ ಬಾಗಿಲಿಗೆ ಹೋದ ಲೇಖಕರಾಗಿ ಗಳಗನಾಥರು ನಮ್ಮಲ್ಲಿದ್ದಾರೆ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಪ್ರಾರಂಭವಾದ ಪ್ರಕಾಶನ ಸಂಸ್ಥೆ. ಅದರ ಅಟ್ಟ ಕನ್ನಡ ಸಾಹಿತ್ಯದಲ್ಲಿ ಒಂದು ಅಂಕಿತನಾಮವೇ ಆಗಿದೆ. ಜಿ. ಬಿ. ಜೋಶಿಯವರ ಆ ಅಟ್ಟದ ಮೇಲೆ ಕೀರ್ತಿನಾಥ ಕುರ್ತಕೋಟಿಯವರೂ ಗಿರೀಶ ಕಾರ್ನಾಡರೂ ಕೂತು ಚರ್ಚಿಸಿದರು. ಕಾರ್ನಾಡರ ‘ಯಯಾತಿ’ 1961ರಲ್ಲಿ ಆ ಮಾಲೆಯಿಂದಲೇ ಹೊರಬಂದಿತು. ಲಂಡನ್ನಿನ ಮಹಡಿಗೂ ಧಾರವಾಡದ ಅಟ್ಟಕ್ಕೂ ಮೆಟ್ಟಿಲು ಬೇರೆ. ಹತ್ತಿದವರಿಗೆ ಸಿಕ್ಕ ಸುಖ ಒಂದೇ.

ಹಾಗಿದ್ದರೂ ನಮ್ಮ ಊರುಗಳಲ್ಲಿ ಲೇಖಕನನ್ನು ಕರೆಯುವುದೆಂದರೆ ಬಿಡುಗಡೆ ಸಮಾರಂಭವೆಂದೇ ಅರ್ಥವಾಗಿಬಿಟ್ಟಿದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ಅಧ್ಯಕ್ಷರ ಭಾಷಣ, ವಂದನಾರ್ಪಣೆ—ಎರಡು ಗಂಟೆ ಕಳೆದರೂ ಪುಸ್ತಕದ ಒಂದು ಪುಟವೂ ಕಿವಿಗೆ ಬೀಳುವುದಿಲ್ಲ. ಮದುವೆಯ ಮನೆಯಲ್ಲಿ ಮದುಮಗಳೊಬ್ಬಳನ್ನು ಬಿಟ್ಟು ಉಳಿದವರೆಲ್ಲರನ್ನೂ ಮಾತನಾಡಿಸಿದಂತೆ! ಸಭಾಭವನಕ್ಕೆ ಈ ವೈಭವ ಬೇಕಾಗಬಹುದು, ಅಂಗಡಿಗೆ ಬೇಡ. ಅಂಗಡಿಯ ಹಿರಿಮೆ ಅದರ ಕಿರಿದುತನದಲ್ಲಿದೆ. ಮೂವತ್ತು ಜನ ಕೂತರೆ ತುಂಬುವ ಕೋಣೆಯಲ್ಲಿ ಲೇಖಕ ದನಿಯೆತ್ತಬೇಕಾಗಿಲ್ಲ, ಕೇಳುವವನು ಪ್ರಶ್ನಿಸಲು ಅಂಜಬೇಕಾಗಿಲ್ಲ. ಅರ್ಧ ಗಂಟೆ ಓದು, ಅರ್ಧ ಗಂಟೆ ಮಾತುಕತೆ. ಇದಕ್ಕಿಂತ ಹೆಚ್ಚಿನ ಕಾರ್ಯಕ್ರಮ ಅನವಶ್ಯಕ.

ಆದರೆ ಮೂರು ಕರ್ತವ್ಯಗಳನ್ನು ಅಂಗಡಿಯ ಯಜಮಾನ ಮರೆಯಬಾರದು. ಮೊದಲನೆಯದು, ತಾನು ಕರೆದ ಲೇಖಕನ ಪುಸ್ತಕವನ್ನು ತಾನು ಓದಿರಬೇಕು. ಎರಡನೆಯದು, ಪರಸ್ಥಳದಿಂದ ಬರುವವನ ಬಸ್ಸಿನ ಖರ್ಚು, ಊಟ, ವಸತಿಗಳನ್ನು ಅವನು ಬಾಯಿಬಿಟ್ಟು ಕೇಳುವಂತೆ ಮಾಡಬಾರದು. ಮೂರನೆಯದು ಎಲ್ಲಕ್ಕಿಂತ ಕಠಿಣವಾದುದು: ಮಳೆಯ ಸಂಜೆ ಐದೇ ಜನ ಬಂದರೂ, ಐವತ್ತು ಜನ ಬಂದಷ್ಟೇ ಆದರದಿಂದ ಸಭೆಯನ್ನು ನಡೆಸಬೇಕು. ಖಾಲಿ ಕುರ್ಚಿಗಳ ಎದುರು ಓದಬೇಕಾಗಿ ಬಂದ ಲೇಖಕನಿಗೆ, ಆ ಐವರು ಎಂಥವರೆಂಬುದನ್ನು ತೋರಿಸಿಕೊಡುವುದೇ ಆತಿಥೇಯನ ಜಾಣ್ಮೆ.

ಇವು ಅಂಗಡಿಯವನ ಮಾತಾದುವು. ಕೇಳುಗನಾದವನಿಗೂ ಒಂದು ಕರ್ತವ್ಯವುಂಟು. ಇಂದು ಮನೆಯಲ್ಲಿ ಕುಳಿತು ಕೈಯಲ್ಲಿರುವ ಫೋನಿನಲ್ಲಿಯೇ ಪುಸ್ತಕ ತರಿಸಿಕೊಳ್ಳಬಹುದು. ಬೆಲೆಯೂ ಒಂದಿಷ್ಟು ಕಡಿಮೆಯಿರಬಹುದು. ಆ ಸೌಕರ್ಯವನ್ನು ನಾನು ನಿಂದಿಸುವುದಿಲ್ಲ. ಆದರೆ ಅಂಗಡಿಯ ಕುರ್ಚಿಯಲ್ಲಿ ಕುಳಿತು, ಅವರು ಕೊಟ್ಟ ಚಹವನ್ನು ಕುಡಿದು, ಲೇಖಕನ ಓದನ್ನು ಕೇಳಿ, ಪುಸ್ತಕವನ್ನು ಮಾತ್ರ ಬೇರೆ ಕಡೆಯಿಂದ ತರಿಸಿಕೊಳ್ಳುವುದು ಸೌಜನ್ಯವಲ್ಲ. ಪ್ಯಾರಿಸ್ಸಿನ ಆ ಇನ್ನೂರು ಜನ ಕೊಟ್ಟ ಚಂದಾ ದಾನವಾಗಿರಲಿಲ್ಲ. ತಾವು ಕೂತು ಕೇಳುವ ಜಾಗ ನಾಳೆಯೂ ಇರಲೆಂದು ಅವರು ಕೊಟ್ಟ ಬಾಡಿಗೆಯಾಗಿತ್ತು.

ಅಮೆರಿಕದ ಜಾರ್ಜ್ ವಿಟ್‌ಮನ್ ಎಂಬಾತ 1951ರಲ್ಲಿ ಅದೇ ಪ್ಯಾರಿಸ್ಸಿನಲ್ಲಿ, ಸೇನ್ ನದಿಯ ದಡದ ಸಮೀಪ, ಇನ್ನೊಂದು ಪುಸ್ತಕದಂಗಡಿಯನ್ನು ತೆರೆದ. ಸಿಲ್ವಿಯಾ ಬೀಚ್ 1962ರಲ್ಲಿ ತೀರಿಕೊಂಡಳು. 1964ರಲ್ಲಿ ವಿಟ್‌ಮನ್ ತನ್ನ ಅಂಗಡಿಗೆ ‘ಷೇಕ್ಸ್‌ಪಿಯರ್ ಅಂಡ್ ಕಂಪನಿ’ ಎಂದು ಮರುನಾಮಕರಣ ಮಾಡಿದ. ಅವನೂ 2011ರಲ್ಲಿ ಕಾಲವಾದ. ಅಲ್ಲಿ ಇಂದಿಗೂ ಲೇಖಕರು ಬಂದು ಓದುತ್ತಾರೆ. ಬಣ್ಣ ಬಳಿದು ಅಳಿಸಿದ ಹೆಸರು ಇನ್ನೊಂದು ಬಾಗಿಲ ಮೇಲೆ ಮತ್ತೆ ಮೂಡಿತು. ನಮ್ಮ ಊರಿನ ಪುಸ್ತಕದಂಗಡಿಯ ಹೆಸರು ಯಾವುದೇ ಇರಲಿ, ಅದು ಬಾಗಿಲ ಮೇಲೆ ಉಳಿಯಬೇಕಾದರೆ ಒಳಗೆ ಓದುವವರಿರಬೇಕು, ಕೇಳುವವರಿರಬೇಕು. ಹೊರಡುವಾಗ ಒಂದು ಪುಸ್ತಕವನ್ನು ಕೊಂಡು ಕಂಕುಳಲ್ಲಿಟ್ಟುಕೊಂಡು ಹೋಗುವವರೂ ಇರಬೇಕು.